ಗಡಿನಾಡಿನ ಮಕ್ಕಳಿಗೆ ಯಾವ ಇಂಗ್ಲಿಷು?

ತುಮಕೂರು ಜಿಲ್ಲೆಯ ಪಾವಗಡ ತಾಲೂಕನ್ನು ನಕಾಶೆಯಲ್ಲಿ ನೋಡಿದವರಿಗೆ ಅದು ಕನ್ನಡನಾಡಿನ ಮೈಯಿಂದ ಹೊರಗೆ ಚಾಚಿಕೊಂಡು, ಬಹುತೇಕ ಎಲ್ಲ ದಿಕ್ಕುಗಳಲ್ಲಿಯೂ ಆಂಧ್ರದೇಶದಿಂದ ಸುತ್ತುವರಿದ ಒಂದು ತುಂಡು ನೆಲದಂತೆ ತೋರುವದು. ಮೈಸೂರು ಸಂಸ್ಥಾನದ ಕಾಲದಲ್ಲಿಯೂ ಅದರ ಸ್ಥಿತಿ ಇದೇ. ಸುತ್ತಲೂ ಮದರಾಸು ಇಲಾಖೆಗೆ ಸೇರಿದ ಅನಂತಪುರ ಜಿಲ್ಲೆ, ನಡುವೆ ಈ ತಾಲೂಕು. ೧೯೫೩ರಲ್ಲಿ ಆಂಧ್ರರಾಜ್ಯ ಹುಟ್ಟಿದಾಗಲೂ, ೧೯೫೬ರ ನವೆಂಬರ ೧ರಂದು ನಮ್ಮ ಏಕೀಕರಣವು ಕೈಗೂಡಿದಾಗಲೂ ಆ ಆಕಾರದಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಈ ತಾಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಕ್ಯಾತಗಾನಚೆರ್ಲು ಎಂಬ ಗ್ರಾಮವಿರುವದು. ಹೆಸರಿನ ಕೊನೆಯೇ ತೆಲುಗಿನ ಚೆರುವನ್ನು, ಅಂದರೆ ನಮ್ಮ ಕೆರೆಯನ್ನು, ನೆನಪಿಗೆ ತರುವದು. ಆ ಸೀಮೆಯಲ್ಲಿ ಮನೆಯ ಮಾತು ಬಹುಪಾಲು ತೆಲುಗು. ಶಾಲೆಯ ಮಾತು ಕನ್ನಡ. ತಂದೆತಾಯಿಗಳ ಆಸೆ ಇಂಗ್ಲಿಷು. ಈ ಮೂರೂ ಒಂದು ಎಳೆಯ ತಲೆಯೊಳಗೆ ಹೇಗೆ ಕೂಡಿ ಬಾಳಬೇಕೆಂಬದೇ ನಮ್ಮ ಇಂದಿನ ವಿಚಾರ.

ಕ್ಯಾತಗಾನಚೆರ್ಲು ಈಗ ಕೇವಲ ಶೇಂಗಾ ಬೆಳೆಯುವ, ಮಳೆಗಾಗಿ ಆಕಾಶ ನೋಡುವ ಊರಾಗಿ ಉಳಿದಿಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು ಅಲ್ಲಿ ಸೂರ್ಯವಿದ್ಯುತ್ತಿನ ಉದ್ಯಾನವನ್ನು ಕಟ್ಟಿರುವರು. ೨೦೧೮ರ ಮಾರ್ಚ್ ತಿಂಗಳಲ್ಲಿ ಅದಕ್ಕೆ ಚಾಲನೆ ದೊರೆತು, ೨೦೧೯ರ ಕೊನೆಯ ಹೊತ್ತಿಗೆ ಅದರ ಶಕ್ತಿಯು ೨,೦೫೦ ಮೆಗಾವಾಟಿಗೆ ಮುಟ್ಟಿತು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಂತೆ ಮೊದಲುಗೊಂಡ ಗುತ್ತಿಗೆಯ ಹಣವು ಭೂಮಿಯುಳ್ಳವರಿಗೆ ಒಂದು ಆಸರೆಯಾಯಿತು. ಆದರೆ ಭೂಮಿಯಿಲ್ಲದವರ ಗತಿಯೇನು? ಉಳಿದ ಊರವರ ಪಾಲಿಗೆ ಬಂದ ಕೆಲಸವೆಂದರೆ ಹಲಗೆಗಳ ನಡುವಿನ ಹುಲ್ಲು ಕೀಳುವದು, ಹಲಗೆಗಳನ್ನು ತೊಳೆಯುವದು, ಕಾವಲು ಕಾಯುವದು ಇಷ್ಟೇ ಎಂಬ ದೂರು ಆ ಸೀಮೆಯಿಂದ ಬಹಳ ದಿನಗಳಿಂದ ಕೇಳಿಬಂದಿರುವದು. ಯಂತ್ರಗಳ ಲೆಕ್ಕ ಬರೆಯುವ, ಕೈಪಿಡಿ ಓದಿ ದುರಸ್ತಿ ಮಾಡುವ ಕೆಲಸಗಳಿಗೆ ಹೊರಗಿನವರು ಬರುವರು. ಇದಕ್ಕೆ ಇಂಗ್ಲಿಷೊಂದೇ ಕಾರಣವೆಂದು ನಾವು ಹೇಳಲಾರೆವು; ತಾಂತ್ರಿಕ ಶಿಕ್ಷಣದ ಕೊರತೆಯೇ ದೊಡ್ಡ ಕಾರಣ. ಆದರೂ ಆ ಕೈಪಿಡಿಯು ಯಾವ ಭಾಷೆಯಲ್ಲಿರುವದೆಂಬದನ್ನು ಬಲ್ಲ ತಂದೆಯು ತನ್ನ ಮಗನಿಗೆ ಇಂಗ್ಲಿಷು ಬರಲಿ ಎಂದು ಹಾರೈಸಿದರೆ, ಅವನನ್ನು ಕನ್ನಡದ್ರೋಹಿಯೆಂದು ಕರೆಯುವದು ನಮ್ಮಿಂದಾಗದು.

ಕನ್ನಡದ ಏಕೀಕರಣಕ್ಕಾಗಿ ಬಾಳಿದ ಪತ್ರಿಕೆಗೆ ಇಂಗ್ಲಿಷಿನ ಚಿಂತೆ ಯಾತಕ್ಕೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರು ನಮ್ಮ ಪೂರ್ವಿಕರನ್ನು ಒಮ್ಮೆ ನೆನೆಯಲಿ. ೧೮೯೦ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ೧೯೧೧ರಲ್ಲಿ ನಿಂತು, ಕನ್ನಡದ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದ ಬಿ. ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷಿನ ಅಧ್ಯಾಪಕರು. ೧೯೮೧ರಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು ವರದಿ ಕೊಟ್ಟು, ಮರುವರುಷ ನಾಡನ್ನೇ ಎಬ್ಬಿಸಿದ ಚಳವಳಿಗೆ ತಮ್ಮ ಹೆಸರು ಕೊಟ್ಟ ವಿ. ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಗೋಪಾಲಕೃಷ್ಣ ಅಡಿಗರು, ಅನಂತಮೂರ್ತಿಗಳು, ಲಂಕೇಶರು ಎಲ್ಲರೂ ಇಂಗ್ಲಿಷು ಕಲಿಸಿ ಅನ್ನ ಸಂಪಾದಿಸಿ ಕನ್ನಡ ಬರೆದವರೇ. ಇಂಗ್ಲಿಷನ್ನು ಚೆನ್ನಾಗಿ ಬಲ್ಲವನು ಕನ್ನಡಕ್ಕೆ ಹಾನಿ ಮಾಡಿದ ಉದಾಹರಣೆ ನಮಗೆ ಹೆಚ್ಚು ಸಿಕ್ಕಿಲ್ಲ. ಅರೆಬರೆ ಬಲ್ಲವರಿಂದ ಆದ ಹಾನಿಯನ್ನು ಮಾತ್ರ ದಿನವೂ ನಾಮಫಲಕಗಳ ಮೇಲೆ ನೋಡುತ್ತಿರುವೆವು.

ಆದಕಾರಣ ಇಂಗ್ಲಿಷು ಬೇಕೋ ಬೇಡವೋ ಎಂಬ ಹಳೆಯ ಜಗಳವನ್ನು ಬದಿಗಿಟ್ಟು, ಇನ್ನೂ ಯಾರೂ ನೆಟ್ಟಗೆ ಕೇಳದ ಪ್ರಶ್ನೆಯನ್ನು ಕೇಳೋಣ. ಇಂಗ್ಲಿಷೆಂದರೆ ಯಾವ ಇಂಗ್ಲಿಷು?

ನಮ್ಮ ಉಪಾಧ್ಯಾಯರಲ್ಲಿ ಹಲವರು ಕಲಿತದ್ದು ರೆನ್ ಮತ್ತು ಮಾರ್ಟಿನ್ ಎಂಬ ಇಬ್ಬರು ೧೯೩೦ರ ದಶಕದಲ್ಲಿ ರಚಿಸಿದ ವ್ಯಾಕರಣದಿಂದ, ಅಥವಾ ಅದನ್ನು ನೋಡಿ ಬರೆದ ಪುಸ್ತಕಗಳಿಂದ. ಒಳ್ಳೆಯ ಗ್ರಂಥವೇ ಸರಿ. ಆದರೆ ಅದು ಬಣ್ಣಿಸುವ ಭಾಷೆಯು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆಂಗ್ಲ ಸುಶಿಕ್ಷಿತರ ಭಾಷೆ. ‘ಐ’ ಎಂಬದರ ಮುಂದೆ ‘ಷಲ್’ ಬರಬೇಕು, ‘ಯೂ’ ಎಂಬದರ ಮುಂದೆ ‘ವಿಲ್’ ಬರಬೇಕು, ಆಜ್ಞೆ ಮಾಡುವಾಗ ಇವೆರಡೂ ತಿರುವುಮುರುವಾಗಬೇಕು ಎಂಬ ನಿಯಮವನ್ನು ಎಷ್ಟು ಮಕ್ಕಳು ಬೆತ್ತದ ಭಯದಿಂದ ಉರುಹಚ್ಚಿರುವರೋ ದೇವರೇ ಬಲ್ಲ. ಇಂದು ಇಂಗ್ಲಂಡದವರೇ ಆ ನಿಯಮವನ್ನು ಕೈಬಿಟ್ಟಿರುವರು. ಅಮೇರಿಕೆಯಲ್ಲಿ ಕಾಯಿದೆಯ ಕಾಗದಗಳ ಹೊರಗೆ ‘ಷಲ್’ ಎಂಬ ಶಬ್ದ ಕೇಳಸಿಗುವದೇ ಅಪರೂಪ. ಹೆಣ್ಣೋ ಗಂಡೋ ತಿಳಿಯದ ಒಬ್ಬ ವ್ಯಕ್ತಿಗೆ ‘ದೇ’ ಎಂಬ ಬಹುವಚನದ ಸರ್ವನಾಮವನ್ನು ಬಳಸುವದು ತಪ್ಪೆಂದು ನಾವು ಕಲಿತೆವು. ೨೦೧೯ರಲ್ಲಿ ಅಮೇರಿಕೆಯ ಮೆರಿಯಂ-ವೆಬ್‌ಸ್ಟರ್ ನಿಘಂಟುಕಾರರು ಆ ‘ದೇ’ ಎಂಬದನ್ನೇ ವರ್ಷದ ಶಬ್ದವೆಂದು ಸಾರಿದರು. ಗೌರವಕ್ಕೆ ಒಬ್ಬರನ್ನೇ ‘ಅವರು’ ಎಂದು ಕರೆಯುವ ನಮ್ಮ ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ತೋರಲಿಕ್ಕಿಲ್ಲ!

ಇದಕ್ಕೆ ವಿರುದ್ಧವಾದ ತಮಾಷೆಯೂ ಉಂಟು. ಇಂಗ್ಲಂಡದಲ್ಲಿ ಸತ್ತುಹೋದ ಇಂಗ್ಲಿಷು ನಮ್ಮ ಕಚೇರಿಗಳಲ್ಲಿ ಇನ್ನೂ ಜೀವದಿಂದಿರುವದು. ‘ಡೂ ದಿ ನೀಡ್‌ಫುಲ್’ ಎಂಬ ವಾಕ್ಯವು ಕುಂಪಣಿ ಸರಕಾರದ ಗುಮಾಸ್ತರ ಕಾಲದ್ದು. ಅದನ್ನು ಲಂಡನ್ನಿನಲ್ಲಿ ಬರೆದರೆ ಓದುವವನು ನಗುವನು. ನಮ್ಮ ಹಳ್ಳಿಯ ಅರ್ಜಿಯಲ್ಲಿ ಬರೆಯದಿದ್ದರೆ ಗುಮಾಸ್ತನು ಮುನಿಯುವನು. ಎಂಟನೆಯ ಇಯತ್ತೆಯ ಹುಡುಗನು ಜ್ವರ ಬಂದುದಕ್ಕೆ ಒಂದು ದಿನದ ರಜೆ ಕೇಳುವಾಗ ಜಿಲ್ಲಾ ಕಲೆಕ್ಟರಿಗೆ ಬಿನ್ನಹ ಮಾಡಿಕೊಳ್ಳುವವನಂತೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅತ್ಯಂತ ವಿಧೇಯನಾದ ನಾನು ಎಂದು ಮೊದಲುಮಾಡುವದನ್ನು ನಾವೇ ಕಲಿಸಿರುವೆವು. ತನಗೆ ಜ್ವರ ಬಂದಿದೆ ಎಂದು ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳೆಂದರೆ ಅವನು ನೆಲ ನೋಡುವನು.

ಇನ್ನು ಉಚ್ಚಾರದ ಮಾತು. ಆಕಾಶವಾಣಿಯಲ್ಲಿ ಒಂದು ಕಾಲಕ್ಕೆ ಕೇಳುತ್ತಿದ್ದ ಆ ರಾಜಗಾಂಭೀರ್ಯದ ಆಂಗ್ಲ ಉಚ್ಚಾರವನ್ನೇ ನಮ್ಮ ತರಬೇತಿಗಳಲ್ಲಿ ಬಹುದಿನ ಆದರ್ಶವಾಗಿಟ್ಟಿದ್ದರು. ಅದನ್ನು ಮಾತಾಡುವವರು ಬ್ರಿಟನ್ನಿನಲ್ಲಿಯೇ ನೂರಕ್ಕೆ ಮೂವರು ಮಾತ್ರ ಎಂದು ಪೀಟರ್ ಟ್ರಡ್ಗಿಲ್ ಎಂಬ ಆಂಗ್ಲ ಭಾಷಾಶಾಸ್ತ್ರಜ್ಞರು ೧೯೭೦ರ ದಶಕದಲ್ಲಿಯೇ ಅಂದಾಜು ಮಾಡಿರುವರು. ತೊಂಬತ್ತೇಳು ಜನ ಆಂಗ್ಲರೇ ಆಡದ ಮಾತನ್ನು ಕ್ಯಾತಗಾನಚೆರ್ಲಿನ ಮಗುವಿನ ನಾಲಗೆಯಿಂದ ಹೊರಡಿಸಬೇಕೆಂದು ಹಟ ಹಿಡಿಯುವದು ಯಾವ ವಿವೇಕ? ಬೇರೆ ಬೇರೆ ದೇಶದವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಅರ್ಥ ಕೆಡುವದೆಂಬದನ್ನು ಶೋಧಿಸಿ ಜೆನಿಫರ್ ಜೆಂಕಿನ್ಸ್ ಎಂಬ ವಿದುಷಿಯು ೨೦೦೦ದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಮ್ಮ ಉಪಾಧ್ಯಾಯರು ಅತಿಯಾಗಿ ಬೆವರು ಸುರಿಸುವ, ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಆಡಬೇಕಾದ ಧ್ವನಿಯಿಂದ ಅರ್ಥಕ್ಕೆ ಹೆಚ್ಚಿನ ತೊಂದರೆಯಾಗುವದಿಲ್ಲವೆಂದು ಅವರ ನಿರ್ಣಯ. ಅದರ ಬದಲು ನಮ್ಮ ‘ತ’ಕಾರ ‘ದ’ಕಾರಗಳು ಸಾಕು. ಆದರೆ ಹ್ರಸ್ವದೀರ್ಘಗಳ ಭೇದ ಅವಶ್ಯ. ಶಬ್ದದ ಮೊದಲಲ್ಲಿ ಬರುವ ಒತ್ತಕ್ಷರಗಳನ್ನು ಒಡೆಯಬಾರದು. ಹ್ರಸ್ವದೀರ್ಘಗಳನ್ನು ಕನ್ನಡ ತೆಲುಗುಗಳ ಮಕ್ಕಳಿಗೆ ಕಲಿಸಬೇಕಾಗಿಯೇ ಇಲ್ಲ; ಅದು ಅವರ ವರ್ಣಮಾಲೆಯಲ್ಲಿಯೇ ಇರುವದು. ಉಳಿದದ್ದು ‘ಇಸ್ಕೂಲು’ ಎನ್ನುವ ಬಾಯಿಯಿಂದ ‘ಸ್ಕೂಲು’ ಎನ್ನಿಸುವದಷ್ಟೇ. ಇದು ಒಂದು ವಾರದ ಕೆಲಸ. ಒಂದು ಜನ್ಮದ ಕೀಳರಿಮೆಯನ್ನು ಒಂದು ವಾರದ ಅಭ್ಯಾಸದಿಂದ ಕಳೆಯಬಹುದಾಗಿದ್ದರೂ ನಾವು ಅದನ್ನು ಮಾಡದೆ ಇರುವೆವು.

ಭಾಷೆಯು ಅದನ್ನು ಆಡುವವರದು. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರಿಗಿಂತ ಎರಡನೆಯ ಅಥವಾ ಮೂರನೆಯ ನುಡಿಯಾಗಿ ಆಡುವವರೇ ಇಂದು ಲೋಕದಲ್ಲಿ ಹೆಚ್ಚಾಗಿರುವರು. ಕಾಶ್ಮೀರದಲ್ಲಿ ಹುಟ್ಟಿದ ಬ್ರಜ ಕಚ್ರು ಎಂಬ ವಿದ್ವಾಂಸರು ೧೯೮೫ರಲ್ಲಿ ಈ ವಿಸ್ತಾರವನ್ನು ಮೂರು ವರ್ತುಲಗಳಾಗಿ ವಿಂಗಡಿಸಿ, ಭಾರತದಂಥ ದೇಶಗಳ ಇಂಗ್ಲಿಷು ಕೆಟ್ಟ ಇಂಗ್ಲಿಷಲ್ಲ, ಬೇರೊಂದು ಇಂಗ್ಲಿಷು ಎಂದು ವಾದಿಸಿದರು. ಆದರೆ ಅದಕ್ಕೆ ಅರ್ಧ ಶತಮಾನ ಮುಂಚೆಯೇ ನಮ್ಮ ಹಾಸನದವರಾದ ರಾಜಾರಾಯರು ೧೯೩೮ರ ‘ಕಾಂತಾಪುರ’ ಕಾದಂಬರಿಯ ಮುನ್ನುಡಿಯಲ್ಲಿ, ನಾವು ಆಂಗ್ಲರಂತೆ ಬರೆಯಲಾರೆವು, ಬರೆಯಲೂ ಬಾರದು ಎಂಬ ಅಭಿಪ್ರಾಯವನ್ನು ಎತ್ತಿಹಿಡಿದಿದ್ದರು. ಮೈಸೂರಿನಲ್ಲಿ ಕುಳಿತು ೧೯೩೫ರಲ್ಲಿ ‘ಸ್ವಾಮಿ ಎಂಡ್ ಫ್ರೆಂಡ್ಸ್’ ಪ್ರಕಟಿಸಿದ ಆರ್. ಕೆ. ನಾರಾಯಣರು ವಾದಿಸದೆಯೇ ಅದನ್ನು ಮಾಡಿ ತೋರಿಸಿದರು.

ಶಬ್ದಗಳ ಪ್ರಯಾಣವನ್ನು ಕುರಿತು ಪಾವಗಡದ ಮಕ್ಕಳಿಗೆ ಹೇಳಲೇಬೇಕಾದ ಒಂದು ಕಥೆಯಿರುವದು. ಇಂಗ್ಲಿಷಿನಲ್ಲಿ ಹೆಗ್ಗಣಕ್ಕೆ ‘ಬ್ಯಾಂಡಿಕೂಟ್’ ಎನ್ನುವರು. ಅದು ಆ ಮಕ್ಕಳ ಮನೆಯ ಮಾತಾದ ‘ಪಂದಿಕೊಕ್ಕು’ ಅಲ್ಲದೆ ಬೇರೆಯಲ್ಲ. ತೆಲುಗಿನ ಹಂದಿ-ಇಲಿಯು ಹಡಗು ಹತ್ತಿ ಇಂಗ್ಲಂಡಕ್ಕೆ ಹೋಗಿ, ಅಲ್ಲಿಂದ ಹದಿನೆಂಟನೆಯ ಶತಮಾನದ ಕೊನೆಗೆ ಆಸ್ಟ್ರೇಲಿಯಾಕ್ಕೆ ಇಳಿದು, ಅಲ್ಲಿಯ ಹೊಟ್ಟೆಚೀಲದ ಒಂದು ಪ್ರಾಣಿಗೆ ಹೆಸರಾಯಿತು. ಇದು ಹಳೆಯ ಮಾತಾಯಿತು. ೨೦೨೦ರ ಜನವರಿಯಲ್ಲಿ ಆಕ್ಸ್‌ಫರ್ಡಿನವರು ವಿದ್ಯಾರ್ಥಿಗಳಿಗಾಗಿ ಹೊರಡಿಸುವ ನಿಘಂಟಿನ ಹತ್ತನೆಯ ಆವೃತ್ತಿಯಲ್ಲಿ ೨೬ ಹೊಸ ಭಾರತೀಯ ಶಬ್ದಗಳನ್ನು ಸೇರಿಸಿದರು. ಅವುಗಳಲ್ಲಿ ‘ಆಧಾರ್’ ಒಂದು. ಗುತ್ತಿಗೆಯ ಹಣ ಪಡೆಯಲು ಅಜ್ಜನು ಮಡಿಲಲ್ಲಿ ಕಟ್ಟಿಕೊಂಡು ಹೋಗುವ ಚೀಟಿಯ ಹೆಸರು ಆಕ್ಸ್‌ಫರ್ಡಿನ ನಿಘಂಟಿನಲ್ಲಿ ಇರುವದೆಂದು ತಿಳಿದ ಮಗುವು ಆ ನಿಘಂಟನ್ನು ಪರಕೀಯರ ಕೋಟೆಯೆಂದು ಬಗೆಯಲಾರದು.

ಇಲ್ಲಿಗೆ ಬಂದಾಗ ಕೆಲವರು ಇನ್ನೊಂದು ಅಂಚಿಗೆ ಹಾರುವರು. ಭಾಷೆ ಬದಲಾಗುವದಷ್ಟೆ, ನಮ್ಮದೂ ಒಂದು ಇಂಗ್ಲಿಷಷ್ಟೆ, ಹಾಗಾದರೆ ತಪ್ಪೊಪ್ಪುಗಳ ಗೊಡವೆ ಯಾತಕ್ಕೆ, ಬಾಯಿಗೆ ಬಂದುದನ್ನು ಆಡಲಿ ಎಂದು ಇವರ ವಾದ. ಪಟ್ಟಣದಲ್ಲಿ ಮಕ್ಕಳನ್ನು ಒಳ್ಳೆಯ ಶಾಲೆಗೆ ಹಾಕಿದವರು ಹಳ್ಳಿಯ ಮಕ್ಕಳ ಕುರಿತು ಇಂಥ ಔದಾರ್ಯವನ್ನು ತೋರುವದು ನಮಗೆ ಸೇರದು. ಎಲ್ಲ ನುಡಿಗಳೂ ಸಮವೆಂದು ಶಾಸ್ತ್ರಜ್ಞರು ಹೇಳುವದು ನಿಜ. ಉದ್ಯೋಗ ಕೊಡುವವನು ಹಾಗೆ ಹೇಳುವದಿಲ್ಲ. ಹಿಂದಕ್ಕೆ ಹಾಕುವದಕ್ಕೆ ‘ಪೋಸ್ಟ್‌ಪೋನ್’ ಇದ್ದು ಮುಂದಕ್ಕೆ ತರುವದಕ್ಕೆ ಶಬ್ದವಿಲ್ಲದಿದ್ದಾಗ ಭಾರತೀಯರು ‘ಪ್ರಿಪೋನ್’ ಎಂಬದನ್ನು ಚಲಾವಣೆಗೆ ತಂದರು. ಅದು ಕೊರತೆಯನ್ನು ತುಂಬಿದ ಶಬ್ದ, ಈಗ ದೊಡ್ಡ ನಿಘಂಟುಗಳೂ ಅದನ್ನು ಒಪ್ಪಿರುವವು. ಆದರೆ ಉತ್ತರ ಬರೆಯುವೆನೆನ್ನಲು ‘ರಿವರ್ಟ್ ಬ್ಯಾಕ್’ ಎನ್ನುವದು ಯಾವ ಕೊರತೆಯನ್ನೂ ತುಂಬದು. ಸಂದೇಹಕ್ಕೂ ಪ್ರಶ್ನೆಗೂ ಒಂದೇ ಆಗಿ ‘ಡೌಟ್’ ಎನ್ನುವ ನಮ್ಮ ಹುಡುಗನು ಬೇರೆ ದೇಶದ ಅಧ್ಯಾಪಕನಿಗೆ ನನಗೆ ಡೌಟ್ ಇರುವದು ಎಂದರೆ, ಅವನು ತನ್ನ ಮಾತನ್ನೇ ಈತ ನಂಬಲಿಲ್ಲವೆಂದು ತಿಳಿದಾನು. ಎಲ್ಲ ವಾಕ್ಯಗಳ ಕೊನೆಗೂ ‘ಇಸಂಟ್ ಇಟ್’ ಹಚ್ಚುವ ನಮ್ಮ ರೂಢಿಯು ಕನ್ನಡದ ‘ಅಲ್ಲವೇ’, ತೆಲುಗಿನ ‘ಕದಾ’ ಇವುಗಳ ಮಗು; ಆಡುವಾಗ ಇರಲಿ, ಆದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಹೋಗುವದೆಂಬದನ್ನು ಮಗುವಿಗೆ ಮೊದಲೇ ಹೇಳಬೇಕು. ಯಾವದು ಮನೆಯಲ್ಲಿ ನಡೆಯುವದು, ಯಾವದು ಪರೀಕ್ಷೆಯಲ್ಲಿ ನಡೆಯುವದು, ಯಾವದು ಲೋಕದಲ್ಲೆಲ್ಲ ನಡೆಯುವದು ಎಂಬ ವಿವೇಚನೆಯನ್ನು ಕಲಿಸುವದೇ ಇಂದಿನ ಇಂಗ್ಲಿಷ್ ಉಪಾಧ್ಯಾಯನ ಮುಖ್ಯ ಕೆಲಸ.

ಮತ್ತು ಈ ವಿವೇಚನೆ ಕನ್ನಡಿಗನಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನೇ ಕನ್ನಡಗಳು ಹಲವೆಂಬದನ್ನು ಕಂಡು ಬೆರಗಾಗಿರುವನು. ಏಕೀಕರಣದ ದಿನಗಳಲ್ಲಿ ಧಾರವಾಡದ ಕನ್ನಡವೋ ಮೈಸೂರಿನ ಕನ್ನಡವೋ, ಪಠ್ಯಪುಸ್ತಕದಲ್ಲಿ ಯಾವದು ಬರಬೇಕೆಂದು ನಮ್ಮ ಹಿರಿಯರು ಕಡಿಮೆ ಜಗಳಾಡಲಿಲ್ಲ. ಈ ಪತ್ರಿಕೆಯ ಕಾಗುಣಿತವನ್ನು ನೋಡಿ ಮೈಸೂರಿನ ಮಿತ್ರರು ಇಂದಿಗೂ ಮುಗುಳುನಗುವರು. ಒಂದು ನುಡಿಯು ಹಲವು ರೂಪಗಳಲ್ಲಿದ್ದೂ ಒಂದಾಗಿರಬಲ್ಲದು ಎಂಬದನ್ನು ನಾವು ಕಲಿತದ್ದು ಕನ್ನಡದಿಂದ. ಪಾವಗಡದ ತೆಲುಗು ರಾಜಮಹೇಂದ್ರದ ತೆಲುಗಲ್ಲವೆಂಬದು ಅಲ್ಲಿಯ ಮಗುವಿಗೂ ಗೊತ್ತು. ಇದನ್ನೇ ಆಧಾರವಾಗಿ ಹಿಡಿದು ಇಂಗ್ಲಿಷಿನ ಸಂಗತಿಯನ್ನು ವಿವರಿಸಿದರೆ ಅದು ಬೇಗ ತಲೆಗೆ ಹತ್ತುವದು. ಆದರೆ ನಮ್ಮಲ್ಲಿ ಅನೇಕ ಶಾಲೆಗಳಲ್ಲಿ ಇಂಗ್ಲಿಷಿನ ಪಾಠದಲ್ಲಿ ಕನ್ನಡವಾಡುವದೇ ಅಪರಾಧ, ಇನ್ನು ತೆಲುಗಿನ ಮಾತೆಲ್ಲಿ!

ಆ ಮಗುವಿನ ಹೊರೆಯನ್ನು ತುಸು ಎಣಿಸಿ ನೋಡಿರಿ. ನಮ್ಮ ಸರಕಾರದ ಲೆಕ್ಕದಲ್ಲಿ ಕನ್ನಡವು ಅದರ ಪ್ರಥಮ ಭಾಷೆ, ಇಂಗ್ಲಿಷು ದ್ವಿತೀಯ, ಹಿಂದಿಯು ತೃತೀಯವಾಗಿ ಬಹುಕಾಲದಿಂದ ನಡೆದುಬಂದಿರುವದು. ಆದರೆ ತೆಲುಗು ಮನೆಯ ಕೂಸಿಗೆ ಕನ್ನಡವೇ ಎರಡನೆಯದು, ಇಂಗ್ಲಿಷು ಮೂರನೆಯದು, ಹಿಂದಿಯು ನಾಲ್ಕನೆಯದು. ಮೊದಲು ಐದನೆಯ ಇಯತ್ತೆಯಿಂದ ಮೊದಲಾಗುತ್ತಿದ್ದ ಇಂಗ್ಲಿಷನ್ನು ೨೦೦೭-೦೮ರಿಂದ ಒಂದನೆಯ ಇಯತ್ತೆಗೇ ತಂದರು. ಒಂದು ವಿಷಯವಾಗಿ ಅದನ್ನು ತಂದುದಕ್ಕೆ ನಮ್ಮ ವಿರೋಧವಿಲ್ಲ. ಎಳೆಯ ನಾಲಗೆಗೆ ಹೊಸ ಸದ್ದು ಸುಲಭ. ಆದರೆ ಕೇವಲ ಒಂದು ವಿಷಯವಾಗಿ ಕಲಿಯುವದಕ್ಕೂ, ಲೆಕ್ಕವನ್ನೂ ವಿಜ್ಞಾನವನ್ನೂ ಅದರಲ್ಲಿಯೇ ಓದುವದಕ್ಕೂ ಅಜಗಜಾಂತರವಿರುವದು. ಪ್ರಾಥಮಿಕ ಹಂತದಲ್ಲಿ ತಾಯಿನುಡಿ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂಬ ೧೯೯೪ರ ಆಜ್ಞೆಯನ್ನು ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯವು ಎತ್ತಿಹಾಕಿತು. ಮಾಧ್ಯಮದ ಆಯ್ಕೆ ತಂದೆತಾಯಿಗಳದೆಂದಿತು. ನ್ಯಾಯಾಲಯದ ಮಾತಿಗೆ ತಲೆಬಾಗಲೇಬೇಕು. ಆದರೆ ಆಯ್ಕೆಯ ಹಕ್ಕಿದ್ದ ಮಾತ್ರಕ್ಕೆ ಆಯ್ಕೆಯು ಸರಿಯಾಗುವದಿಲ್ಲ. ೨೦೧೯-೨೦ರಲ್ಲಿ ಸರಕಾರವು ತಾನೇ ಮುಂದಾಗಿ ಸಾವಿರ ಸರಕಾರೀ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗಗಳನ್ನು ತೆರೆಯಿತು. ಕನ್ನಡದಲ್ಲಿಯೇ ಕಲಿಸಲು ತರಬೇತಾದ ಉಪಾಧ್ಯಾಯರ ಕೈಯಲ್ಲಿ ಇಂಗ್ಲಿಷ್ ಪುಸ್ತಕ ಕೊಟ್ಟು ನಿಲ್ಲಿಸಿದರೆ, ಮಗುವು ಇಂಗ್ಲಿಷನ್ನೂ ಕಲಿಯಲಿಲ್ಲ, ಲೆಕ್ಕವನ್ನೂ ಕಲಿಯಲಿಲ್ಲ ಎಂಬಂತಾಗುವ ಭಯ ನಮಗಿರುವದು.

ಕನ್ನಡದ ಸ್ವಾರ್ಥಕ್ಕಾಗಿ ನಾವು ಹೀಗೆ ಹೇಳುತ್ತಿರುವೆವೆಂದು ತಿಳಿಯಬಾರದು. ಗಡಿಯ ಆಚೆಗೆ ಮಡಕಶಿರಾ ಸೀಮೆಯಲ್ಲಿ ಕನ್ನಡದ ಮನೆಗಳು ಬಹಳ. ಅಲ್ಲಿ ಕನ್ನಡದ ಮಗುವಿಗೆ ತೆಲುಗು ರಾಜ್ಯಭಾಷೆ. ೨೦೧೯ರ ನವೆಂಬರದಲ್ಲಿ ಆಂಧ್ರ ಸರಕಾರವು ಸರಕಾರೀ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆಜ್ಞೆ ಹೊರಡಿಸಿದಾಗ ತೆಲುಗಿನವರು ತೆಲುಗಿಗಾಗಿ ಕೂಗಿದರು. ೨೦೨೦ರ ಏಪ್ರಿಲಿನಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಮಾಡಿತು. ಆ ಗದ್ದಲದಲ್ಲಿ ಕನ್ನಡದ ಮಗುವಿನ ಹೆಸರೆತ್ತಿದವರು ವಿರಳ. ಅಲ್ಲಿ ನಮ್ಮ ಮಗುವಿಗಾಗಿ ನಾವು ಏನನ್ನು ಕೇಳುವೆವೋ, ಅದನ್ನೇ ಇಲ್ಲಿ ತೆಲುಗಿನ ಮಗುವಿಗೆ ಕೊಡುವದು ನ್ಯಾಯ. ಪಾವಗಡದ ತೆಲುಗು ಮಕ್ಕಳು ಕನ್ನಡ ಕಲಿತು ಕನ್ನಡನಾಡಿನವರಾಗಿರುವರು. ಅವರ ಮನೆಯ ಮಾತನ್ನು ಹೀನವೆಂದು ಎಣಿಸಿ ಯಾವ ಏಕೀಕರಣವನ್ನೂ ನಾವು ಸಾಧಿಸಲಾರೆವು.

ಹಾಗಾದರೆ ಮಾಡಬೇಕಾದುದೇನು? ಈ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗವನ್ನು ಲೋಕದ ಭಾಷಾಶಿಕ್ಷಕರೆಲ್ಲ ಓದುವರು, ನಮ್ಮವರು ಮಾತ್ರ ಮರೆತಿರುವರು. ೧೯೭೯ರಿಂದ ೧೯೮೪ರ ವರೆಗೆ ಎನ್. ಎಸ್. ಪ್ರಭು ಎಂಬವರು ಬೆಂಗಳೂರಿನಲ್ಲಿಯೂ ದಕ್ಷಿಣದ ಬೇರೆ ಕೆಲವು ಊರುಗಳಲ್ಲಿಯೂ ಸಾಮಾನ್ಯ ಶಾಲೆಗಳನ್ನು ಆಯ್ದುಕೊಂಡು, ವ್ಯಾಕರಣದ ಸೂತ್ರಗಳನ್ನು ಬದಿಗಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಒಂದು ನಕಾಶೆಯನ್ನೋ ಇಟ್ಟು, ಅದರಿಂದ ಏಳುವ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಹೇಳಿದರು. ಮಗುವಿನ ಗಮನವು ಅರ್ಥದ ಮೇಲಿದ್ದರೆ ರೂಪವು ತಾನಾಗಿ ಹಿಂದೆ ಬರುವದೆಂಬದು ಅವರ ಸಿದ್ಧಾಂತ. ‘ಬೆಂಗಳೂರು ಪ್ರಯೋಗ’ವೆಂದೇ ಅದು ಖ್ಯಾತವಾಯಿತು, ೧೯೮೭ರಲ್ಲಿ ಅವರು ಅದನ್ನು ಗ್ರಂಥರೂಪಕ್ಕೆ ತಂದರು. ಅದರಲ್ಲಿ ವ್ಯಾಕರಣವನ್ನು ತೀರ ಕಡೆಗಣಿಸಿದರೆಂಬ ಆಕ್ಷೇಪಕ್ಕೂ ಸ್ವಲ್ಪ ಬಲವುಂಟು. ಇರಲಿ. ಬೇಕಾದಷ್ಟನ್ನು ಹೆಕ್ಕಿಕೊಳ್ಳೋಣ.

ಕ್ಯಾತಗಾನಚೆರ್ಲಿನ ಶಾಲೆಗೆ ರೈಲಿನ ಪಟ್ಟಿಯು ಬೇಡ. ಊರಿನ ಅಂಗಡಿಯಲ್ಲಿ ಮಾರುವ ಕೀಟನಾಶಕದ ಡಬ್ಬಿಯ ಮೇಲೆ ಎಷ್ಟು ನೀರಿಗೆ ಎಷ್ಟು ಔಷಧವೆಂದು ಸಣ್ಣಕ್ಷರದಲ್ಲಿ ಬರೆದಿರುವದು. ಬ್ಯಾಂಕಿನಿಂದ ದೂರವಾಣಿಗೆ ಬರುವ ಸಂದೇಶದಲ್ಲಿ ಹಣ ಜಮೆಯಾಯಿತೋ ಖರ್ಚಾಯಿತೋ ಎಂಬದು ಒಂದೇ ಒಂದು ಶಬ್ದದ ಮೇಲೆ ನಿಂತಿರುವದು. ‘ಕ್ರೆಡಿಟ್’ ‘ಡೆಬಿಟ್’ಗಳ ಭೇದವನ್ನು ತಿಳಿದ ಹತ್ತು ವರ್ಷದ ಮಗಳು ಮನೆಯ ಗೌರವವನ್ನು ಕಾಯುವಳು. ಸುಲಿಗೆಗಾರರು ಕಳಿಸುವ ಮೋಸದ ಸಂದೇಶಗಳೂ ಇಂಗ್ಲಿಷಿನಲ್ಲಿಯೇ ಬರುವವು. ವಿದ್ಯುತ್ ಹಲಗೆಗಳ ಸುತ್ತಲಿನ ಬೇಲಿಯ ಮೇಲಿನ ಎಚ್ಚರಿಕೆಯ ಫಲಕವು ಪಾಠವಾಗಲಿ. ಇವುಗಳಲ್ಲಿ ಇಂದಿನ ಇಂಗ್ಲಿಷಿದ್ದು, ರೆನ್ನನೂ ಮಾರ್ಟಿನ್ನನೂ ಕಾಣದ ಇಂಗ್ಲಿಷಿರುವದು. ಬದಲಾಗುತ್ತಿರುವ ಭಾಷೆಯ ಹಿಂದೆ ಉಪಾಧ್ಯಾಯನು ಓಡಬೇಕಾಗಿಲ್ಲ, ಅದು ತಾನೇ ಊರಿನ ಬಾಗಿಲಿಗೆ ಬಂದಿರುವದು.

ಮಕ್ಕಳ ಬಾಯಲ್ಲಿ ಆಗಲೇ ನೂರಾರು ಇಂಗ್ಲಿಷ್ ಶಬ್ದಗಳಿರುವವು: ಬಸ್ಸು, ಲೀಜು, ಪ್ಲಾಂಟು, ಡೂಟಿ, ಕರೆಂಟು, ಹೋಟೆಲು. ಒಂದು ‘ಉ’ಕಾರ ಹಚ್ಚಿ ಅವನ್ನು ನಾವು ನಮ್ಮವನ್ನಾಗಿ ಮಾಡಿಕೊಂಡಿರುವೆವು. ಅರ್ಥವನ್ನೂ ಬೇಕಾದಂತೆ ತಿರುಗಿಸಿಕೊಂಡಿರುವೆವು. ನಮ್ಮ ಹೋಟೆಲಿನಲ್ಲಿ ಉಣ್ಣಬಹುದು, ಮಲಗಲಾಗದು. ‘ಕರೆಂಟು ಹೋಯಿತು’ ಎನ್ನುವ ಮಗುವಿಗೆ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ನದಿಯ ಹರಿವು, ಈಗಿನದು ಎಂಬ ಅರ್ಥಗಳೂ ಉಂಟೆಂದು ತೋರಿಸಿದರೆ, ಒಂದು ಗೊತ್ತಿದ್ದ ಮಾತಿನಿಂದ ಎರಡು ಗೊತ್ತಿಲ್ಲದ ಅರ್ಥಗಳು ಲಾಭವಾಗುವವು. ಕೈಯಲ್ಲಿ ಹಿಡಿದ ಯಂತ್ರವೇ ಕ್ಷಣದಲ್ಲಿ ಭಾಷಾಂತರ ಮಾಡಿಕೊಡುವಾಗ ಇದೆಲ್ಲ ಯಾತಕ್ಕೆ ಎನ್ನುವವರಿಗೆ ನಮ್ಮ ಉತ್ತರ ಚಿಕ್ಕದು: ಯಂತ್ರವು ಸರಿಯಾಗಿ ಹೇಳಿತೋ ತಪ್ಪಾಗಿ ಹೇಳಿತೋ ಎಂಬದನ್ನು ತಿಳಿಯಲು ಎರಡೂ ನುಡಿ ಬಲ್ಲವನೊಬ್ಬನು ಬೇಕು. ಅವನು ಊರಿನವನೇ ಆಗಿರಲಿ.

ಈ ಭಾರವನ್ನೆಲ್ಲ ಉಪಾಧ್ಯಾಯರ ತಲೆಯ ಮೇಲೆ ಹೊರಿಸಿ ಸುಮ್ಮನಾಗುವದು ನಮ್ಮ ಇರಾದೆಯಲ್ಲ. ದಕ್ಷಿಣದ ರಾಜ್ಯಗಳಿಗಾಗಿ ೧೯೬೩ರಿಂದ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಉಪಾಧ್ಯಾಯರಿಗೆ ತರಬೇತಿ ಕೊಡುತ್ತ ಬಂದಿರುವದು. ಆದರೆ ಒಬ್ಬಿಬ್ಬರೇ ಉಪಾಧ್ಯಾಯರಿರುವ ಹಳ್ಳಿಯ ಶಾಲೆಯಿಂದ ಒಬ್ಬನು ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದೂರಕ್ಕೆ ಹೋಗಿ ಒಂದು ತಿಂಗಳು ನಿಂತರೆ ಶಾಲೆಯ ಬಾಗಿಲು ಹಾಕಬೇಕಾದೀತು. ಅವನು ಕಲಿತು ಬಂದರೂ ಪರೀಕ್ಷೆಯು ಹಳೆಯದೇ ಆಗಿದ್ದರೆ, ಹೊಸ ಪಾಠವು ಒಂದು ವರ್ಷವೂ ಬಾಳುವದಿಲ್ಲ. ಉಪಾಧ್ಯಾಯನನ್ನು ಅಳೆಯುವದು ಫಲಿತಾಂಶದಿಂದ. ಫಲಿತಾಂಶ ಬರುವದು ಉರುಹೊಡೆದ ಉತ್ತರದಿಂದ. ಆದುದರಿಂದ ಅವನು ಉರುಹೊಡೆಸುವನು. ಅವನನ್ನು ಬೈದು ಪ್ರಯೋಜನವಿಲ್ಲ. ಪ್ರಶ್ನಪತ್ರಿಕೆಯಲ್ಲಿ ಒ೦ದು ಔಷಧದ ಚೀಟಿಯನ್ನು ಅಚ್ಚು ಹಾಕಿ, ಮಗುವಿಗೆ ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದು ಕೇಳಿದರೆ, ಮರುವರ್ಷದಿಂದಲೇ ಎಲ್ಲ ಶಾಲೆಗಳೂ ಚೀಟಿಗಳನ್ನು ಓದಿಸತೊಡಗುವವು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳನ್ನು ಕೂಡಿಸಿ ಮಧುಗಿರಿಯನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿ ಮಾಡಿರುವರು. ಉಪನಿರ್ದೇಶಕರ ಕಚೇರಿಯು ಅಲ್ಲಿಯೇ ಇರುವದು. ದೊಡ್ಡ ಜಿಲ್ಲೆಯ ಆಡಂಬರವಿಲ್ಲದ ಇಂಥ ಘಟಕವೇ ಹೊಸದನ್ನು ಮಾಡಿ ನೋಡಲು ತಕ್ಕ ಸ್ಥಳ. ಅಲ್ಲಿಯ ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ಬಹಳವಿಲ್ಲ. ಬೇಸಿಗೆಯ ರಜೆ ಮುಗಿಯುವ ಮುಂಚೆ ಪಾವಗಡದಲ್ಲಿ ನಾಲ್ಕು ದಿನ ಇಂಗ್ಲಿಷ್ ಉಪಾಧ್ಯಾಯರನ್ನು ಕೂಡಿಸಲಿ. ತರಬೇತಿ ಕೊಡುವವರೇ ಬೆಂಗಳೂರಿನಿಂದ ಬರಲಿ. ಕನ್ನಡ ಉಪಾಧ್ಯಾಯರನ್ನೂ ಅದೇ ಸಭೆಯಲ್ಲಿ ಕೂಡ್ರಿಸಲಿ, ಏಕೆಂದರೆ ಒಂದೇ ಮಗುವನ್ನು ಇಬ್ಬರೂ ತಿದ್ದುವವರು. ಮನೆಯ ತೆಲುಗು, ಶಾಲೆಯ ಕನ್ನಡ, ಹೊರಗಿನ ಇಂಗ್ಲಿಷು ಇವು ಮೂರನ್ನೂ ಒಂದೇ ಪುಟದಲ್ಲಿಟ್ಟು, ಆ ಸೀಮೆಯ ಮಕ್ಕಳಿಗೆ ದಿನಬಳಕೆಯ ಐನೂರು ಶಬ್ದಗಳ ಒಂದು ಸಣ್ಣ ಕೋಶವನ್ನು ಉಪಾಧ್ಯಾಯರೇ ಸಿದ್ಧಪಡಿಸಲಿ. ಅದರಲ್ಲಿ ಪಂದಿಕೊಕ್ಕು, ಹೆಗ್ಗಣ, ಬ್ಯಾಂಡಿಕೂಟ್ ಇವು ಒಂದೇ ಸಾಲಿನಲ್ಲಿ ನಿಲ್ಲಲಿ. ಅಚ್ಚಿನ ಖರ್ಚಿಗೆ ಸೂರ್ಯವಿದ್ಯುತ್ತಿನ ಉದ್ಯಾನದ ಕಂಪನಿಗಳನ್ನು ಕೇಳುವದರಲ್ಲಿ ಸಂಕೋಚಪಡಬೇಕಾದುದಿಲ್ಲ. ಲಾಭದ ಒಂದು ಪಾಲನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕೆಂದು ೨೦೧೩ರ ಕಂಪನಿಗಳ ಕಾಯಿದೆಯು ದೊಡ್ಡ ಕಂಪನಿಗಳಿಗೆ ವಿಧಿಸಿರುವದು, ಮತ್ತು ಆ ನೆಲ ಈ ಮಕ್ಕಳ ಅಜ್ಜಂದಿರದು. ಮಡಕಶಿರಾದ ಕನ್ನಡ ಉಪಾಧ್ಯಾಯರಿಗೂ ಕರೆ ಹೋಗಲಿ. ಅವರು ಬೇರೆ ರಾಜ್ಯದ ನೌಕರರೆಂಬ ಅಡ್ಡಿಯನ್ನು ಕಚೇರಿಯವರು ಎತ್ತುವದಾದರೆ, ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಘಟಕವು ಅವರನ್ನು ಅತಿಥಿಗಳಾಗಿ ಕರೆಯಬಹುದು. ಬಸ್ಸಿನ ದಾರಿಯೇನೂ ದೂರವಿಲ್ಲ.